‘ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ’: ಈ ಮಾತು ಎಷ್ಟು ನಿಜ?

ಪ್ರಶ್ನೆ: ನನಗೆ 41 ವರ್ಷ. ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮಗಳಿಗೆ 14, ಮಗನಿಗೆ 4. ಮಗ ಹುಟ್ಟಿ ಆರು ತಿಂಗಳಿಗೇ ನಾನು ಕೆಲಸಕ್ಕೆ ವಾಪಸ್ ಹೋದೆ. ಅತ್ತೆ ನಮ್ಮ ಮನೆಗೆ ಬಂದು ಅವನನ್ನು ನೋಡಿಕೊಂಡರು. ಮಾವ ತೋಟ ಬಿಟ್ಟು ಬರಲಿಲ್ಲ, ತಿಪಟೂರು ಹತ್ತಿರದ ಊರಿನಲ್ಲೇ ಉಳಿದರು. ಹೋದ ವರ್ಷ ಅತ್ತೆ ತೀರಿಕೊಂಡರು. ಆಮೇಲೆ 73 ವರ್ಷದ ಮಾವನನ್ನು ಇಲ್ಲಿಗೇ ಕರೆತಂದೆವು. ಈಗ ಮಗ ಎಲ್ಲದಕ್ಕೂ ಹಟ ಮಾಡುತ್ತಾನೆ, ಸುಳ್ಳು ಬೇರೆ ಕಲಿತಿದ್ದಾನೆ. ಮಗಳು ರೂಮಿನ ಬಾಗಿಲು ಹಾಕಿಕೊಂಡರೆ ಊಟಕ್ಕೇ ಹೊರಗೆ ಬರುವುದು. ಮಾವ ತೋಟದಲ್ಲಿ ಬಾವಿ ತೋಡಿಸಿದ ಕಥೆಯನ್ನು ದಿನಕ್ಕೆ ಎರಡು ಸಲ ಹೇಳುತ್ತಾರೆ. ನಾದಿನಿ ಬಂದಾಗ ಮಗನನ್ನು ನೋಡಿ ‘ಮೂರು ವರ್ಷದ ಬುದ್ಧಿ ನೂರು ವರ್ಷದ ತನಕ’ ಅಂತಾಳೆ, ಮಾವನನ್ನು ನೋಡಿ ‘ಅರವತ್ತಕ್ಕೆ ಅರಳುಮರಳು’ ಅಂತಾಳೆ. ನನಗೂ ಇತ್ತೀಚೆಗೆ ಸುಮ್ನೆ ಸುಮ್ನೆ ಅಳು ಬರುತ್ತದೆ. ಮನುಷ್ಯನ ಮನಸ್ಸು ಚಿಕ್ಕಂದಿನಲ್ಲೇ ಗಟ್ಟಿಯಾಗಿಬಿಡುತ್ತದಾ? ನಾನು ಬೇಗ ಕೆಲಸಕ್ಕೆ ಹೋಗಿದ್ದೇ ತಪ್ಪಾಯಿತಾ? ಯಾರನ್ನು ತಿದ್ದಲಿ, ಯಾರನ್ನು ಹಾಗೇ ಬಿಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನಾಲ್ಕು, ಹದಿನಾಲ್ಕು, ನಲವತ್ತೊಂದು, ಎಪ್ಪತ್ಮೂರು. ಒಂದೇ ಸೂರಿನ ಕೆಳಗೆ ನಾಲ್ಕು ವಯಸ್ಸು. ಒಂದೊಂದು ವಯಸ್ಸಿನಲ್ಲೂ ಮನಸ್ಸಿಗೆ ಒಂದೊಂದು ಕೆಲಸ ಇರುತ್ತದೆ. ನಿಮ್ಮ ಮನೆಯಲ್ಲಿ ಯಾರೂ ಕೆಟ್ಟಿಲ್ಲ. ಎಲ್ಲರೂ ಅವರವರ ವಯಸ್ಸಿನ ಕೆಲಸದಲ್ಲಿ ಮುಳುಗಿದ್ದಾರೆ, ಅದರ ಗಲಾಟೆಯೆಲ್ಲ ನಿಮ್ಮ ಕಿವಿಗೇ ಬೀಳುತ್ತಿದೆ. ಇದರ ಜೊತೆಗೆ ಇನ್ನೊಂದು ವಿಷಯ ಇದೆ. ಪತ್ರದಲ್ಲಿ ಅದನ್ನು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಾದಿನಿಯ ಗಾದೆ. ಮೂರು ವರ್ಷದ ಬುದ್ಧಿ ಎಷ್ಟು ಕಾಲ ಉಳಿಯುತ್ತದೆ ಅಂತ ನಿಜವಾಗಿಯೂ ಲೆಕ್ಕ ಇಟ್ಟು ನೋಡಿದವರಿದ್ದಾರೆ. ನ್ಯೂಜಿಲೆಂಡ್‌ನ ಡುನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ 1,037 ಮಕ್ಕಳ ಬದುಕನ್ನು ಸಂಶೋಧಕರು ದಶಕಗಳಿಂದ ನೋಡುತ್ತಾ ಬಂದಿದ್ದಾರೆ. ಮಕ್ಕಳಿಗೆ ಮೂರು ವರ್ಷ ಆದಾಗ, ಗುರುತಿಲ್ಲದವರೊಬ್ಬರು ಒಂದೊಂದು ಮಗುವಿನ ಜೊತೆಗೂ ಸುಮಾರು ಒಂದೂವರೆ ಗಂಟೆ ಕೂತು, ಅದು ಹೇಗೆ ನಡೆದುಕೊಂಡಿತು ಅಂತ ಬರೆದಿಟ್ಟರು. ಅದೇ ಮಕ್ಕಳನ್ನು 26ನೇ ವಯಸ್ಸಿನಲ್ಲಿ ಮತ್ತೆ ನೋಡಿದರು. ಮೂರರಲ್ಲಿ ಒಂದು ಕಡೆ ಕೂರದೆ, ಮಾತುಮಾತಿಗೂ ಸಿಡುಕುತ್ತಿದ್ದವರು 26ರಲ್ಲೂ ಬೇಗ ಕೆರಳುತ್ತಿದ್ದರು. ಜನ ತಮಗೆ ಮೋಸ ಮಾಡುತ್ತಾರೆ ಅನ್ನುವ ಅನುಮಾನವೂ ಅವರಲ್ಲಿ ಜಾಸ್ತಿ. ನಾಚಿಕೊಂಡು ಮೂಲೆ ಸೇರುತ್ತಿದ್ದವರು ದೊಡ್ಡವರಾದ ಮೇಲೂ ಮುನ್ನುಗ್ಗುವವರಾಗಿರಲಿಲ್ಲ.

ಹಾಗಾದರೆ ಗಾದೆಯೇ ಗೆದ್ದಿತಲ್ಲ ಅನ್ನಿಸಬಹುದು. ಅರ್ಧ ಗೆದ್ದಿತು, ಅಷ್ಟೇ. ಇದೆಲ್ಲ ಗುಂಪಿನ ಸರಾಸರಿ ಲೆಕ್ಕ. ಒಂದು ಮಗುವನ್ನು ಮೂರರಲ್ಲಿ ನೋಡಿ, ಅದು ಮುಂದೆ ಹೀಗೇ ಆಗುತ್ತದೆ ಅಂತ ಹೇಳುವಷ್ಟು ಗಟ್ಟಿ ನಂಟು ಅದರಲ್ಲಿ ಕಾಣಲಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೆರೋಮ್ ಕೇಗನ್ ಇನ್ನೂ ಹಿಂದಕ್ಕೆ ಹೋಗಿ, ನಾಲ್ಕು ತಿಂಗಳ ಕೂಸುಗಳನ್ನೇ ನೋಡಿದರು. ಹೊಸ ಆಟಿಕೆ, ಹೊಸ ಶಬ್ದಕ್ಕೆ ಐದರಲ್ಲಿ ಒಂದು ಕೂಸು ಕೈಕಾಲು ಬಡಿದು ಅಳುತ್ತಿತ್ತು. ಅಂಥವು ಮುಂದೆ ಸಂಕೋಚದ ಮಕ್ಕಳಾಗುವುದು ಜಾಸ್ತಿ. ಆದರೆ ಅವುಗಳಲ್ಲೂ ಕೊನೆಯವರೆಗೆ ಹೆದರುಪುಕ್ಕಲಾಗಿ ಉಳಿದವು ಕಡಿಮೆ. ಹುಟ್ಟಿನಿಂದ ಬರುವುದು ಮಣ್ಣಿನ ಗುಣ ಇದ್ದ ಹಾಗೆ. ಕರಿಮಣ್ಣಿನಲ್ಲಿ ಏನು ಚೆನ್ನಾಗಿ ಬರುತ್ತದೆ, ಕೆಂಪು ಮಣ್ಣಿನಲ್ಲಿ ಏನು ಬರುತ್ತದೆ ಅಂತ ನಿಮ್ಮ ಮಾವನಿಗೆ ಗೊತ್ತು. ಮಣ್ಣು ನೋಡಿ ಬೇಸಾಯ ಮಾಡುತ್ತಾರೆ. ಮಣ್ಣನ್ನು ಬೈಯುವುದಿಲ್ಲ.

ದೊಡ್ಡವರಾದ ಮೇಲೂ ಸ್ವಭಾವ ಬದಲಾಗುತ್ತದೆ. ಒಬ್ಬರನ್ನೇ ಹಲವು ವರ್ಷ ಬಿಡದೆ ನೋಡಿದ 92 ಗುಂಪುಗಳ ಮಾಹಿತಿಯನ್ನು ಒಟ್ಟು ಹಾಕಿದ ಲೆಕ್ಕವೊಂದು 2006ರಲ್ಲಿ ಬಂತು. ಜವಾಬ್ದಾರಿ ಹೆಚ್ಚುವುದು, ಮನಸ್ಸು ಬೇಗ ಕದಡದೆ ನಿಲ್ಲುವುದು, ಇವೆಲ್ಲ ಜಾಸ್ತಿ ಆಗುವುದು 20ರಿಂದ 40ರ ನಡುವೆ ಅಂತ ಅದರಲ್ಲಿ ಕಂಡಿತು. ‘ತಲೆ ಮೇಲೆ ಭಾರ ಬಿದ್ದರೆ ಸರಿಹೋಗ್ತಾನೆ ಬಿಡಿ’ ಅಂತ ನಮ್ಮ ಹಿರಿಯರು ಹೇಳುವುದನ್ನು ನಾನಂತೂ ತಳ್ಳಿಹಾಕುವುದಿಲ್ಲ.

ಈಗ ನಿಮ್ಮನ್ನು ಒಳಗೊಳಗೇ ತಿನ್ನುತ್ತಿರುವ ಪ್ರಶ್ನೆ. ಆರು ತಿಂಗಳಿಗೇ ಕೆಲಸಕ್ಕೆ ಹೋದದ್ದು. ಕೂಸಿಗೆ ಮೊದಲ ವರ್ಷದಲ್ಲಿ ಬೇಕಾಗಿರುವುದು ಒಂದೇ: ಅತ್ತರೆ ಯಾರಾದರೂ ಬರುತ್ತಾರೆ ಅನ್ನುವ ಭರವಸೆ. ಬರುವವರು ದಿನಾ ಬದಲಾಗಬಾರದು, ನಂಬುವಂಥವರಾಗಿರಬೇಕು. ಅವರು ಒಬ್ಬರೇ ಆಗಿರಬೇಕು ಅಂತೇನೂ ಇಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 60 ಕೂಸುಗಳನ್ನು ನೋಡಿದ ಒಂದು ಅಧ್ಯಯನ 1964ರಲ್ಲಿ ಬಂತು. ಒಂದೂವರೆ ವರ್ಷ ಆಗುವಷ್ಟರಲ್ಲಿ ಹೆಚ್ಚಿನ ಕೂಸುಗಳು ಒಬ್ಬರಿಗಿಂತ ಜಾಸ್ತಿ ಜನರನ್ನು ಹಚ್ಚಿಕೊಂಡಿದ್ದವು. ಅಮ್ಮ, ಅಪ್ಪ, ಅಜ್ಜಿ, ಅಕ್ಕ. ನಿಮ್ಮ ಮಗನಿಗೆ ಹಗಲು ಅಜ್ಜಿ, ರಾತ್ರಿ ಅಮ್ಮ. ಅವನಿಗೆ ಕಡಿಮೆ ಆಗಲಿಲ್ಲ.

ನಿಜವಾಗಿ ಕಡಿಮೆ ಆದರೆ ಏನಾಗುತ್ತದೆ ಅಂತ ರೊಮೇನಿಯಾದ ಅನಾಥಾಲಯಗಳು ತೋರಿಸಿಕೊಟ್ಟವು. ಅಲ್ಲಿ ಹತ್ತಾರು ಕೂಸುಗಳಿಗೆ ಒಬ್ಬ ಆಯಾ. ಅತ್ತರೂ ಯಾರೂ ಎತ್ತಿಕೊಳ್ಳುತ್ತಿರಲಿಲ್ಲ. 2000ದ ಹೊತ್ತಿಗೆ ಬುಕಾರೆಸ್ಟ್‌ನಲ್ಲಿ ಇಂಥ 136 ಮಕ್ಕಳನ್ನು ತೆಗೆದುಕೊಂಡು, ಅರ್ಧದಷ್ಟು ಮಕ್ಕಳನ್ನು ಸಾಕುಮನೆಗಳಿಗೆ ಕೊಟ್ಟು ನೋಡಿದರು. ಮನೆ ಸಿಕ್ಕ ಮಕ್ಕಳು ಚೇತರಿಸಿಕೊಂಡರು. ಎರಡು ವರ್ಷ ತುಂಬುವ ಮುಂಚೆ ಮನೆ ಸಿಕ್ಕವರು ಇನ್ನೂ ಚೆನ್ನಾಗಿ ಚೇತರಿಸಿಕೊಂಡರು. ಅಂದರೆ ಮೊದಲ ವರ್ಷಗಳಿಗೆ ಬೆಲೆ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಅಜ್ಜಿಯ ಮಡಿಲಲ್ಲಿ ಬೆಳೆದ ಮಗುವಿಗೂ ಆ ಮಕ್ಕಳಿಗೂ ಹೋಲಿಕೆಯೇ ಇಲ್ಲ. ದಯವಿಟ್ಟು ಈ ಒಂದು ಭಾರವನ್ನು ಇವತ್ತೇ ಇಳಿಸಿ.

ಇನ್ನು ಹಟ ಮತ್ತು ಸುಳ್ಳು. ಮನೆಯಲ್ಲೇ ಒಂದು ಆಟ ಆಡಿ ನೋಡಿ. ನಮ್ಮಲ್ಲಿ ತುಂಬಾ ಮನೆಗಳಲ್ಲಿ ಹಳೇ ಬಿಸ್ಕತ್ ಡಬ್ಬಿಯೊಳಗೆ ಸೂಜಿ ದಾರ ಇರುತ್ತದೆ ಅಲ್ವಾ? ಆ ಡಬ್ಬಿಯನ್ನು ಮಗನಿಗೆ ತೋರಿಸಿ, ಒಳಗೆ ಏನಿದೆ ಅಂತ ಕೇಳಿ. ‘ಬಿಸ್ಕತ್’ ಅಂತಾನೆ. ಮುಚ್ಚಳ ತೆಗೆದು ಸೂಜಿ ದಾರ ತೋರಿಸಿ, ಮತ್ತೆ ಮುಚ್ಚಿ. ಈಗ ಕೇಳಿ: ‘ತಾತ ಇದರ ಒಳಗೆ ನೋಡಿಲ್ಲ. ತಾತನನ್ನು ಕೇಳಿದರೆ ಏನಿದೆ ಅಂತಾರೆ?’ ಮೂರು ವರ್ಷದ ಮಗು ‘ಸೂಜಿ ದಾರ’ ಅನ್ನುತ್ತದೆ. ತನಗೆ ಗೊತ್ತಿರುವುದು ಎಲ್ಲರಿಗೂ ಗೊತ್ತು ಅಂತ ಅದರ ಲೆಕ್ಕ. ನಾಲ್ಕು, ನಾಲ್ಕೂವರೆಗೆ ಬರುವಾಗ ಮಗು ಒಂದು ಕ್ಷಣ ತಡೆದು, ನಕ್ಕು, ‘ಬಿಸ್ಕತ್ ಅಂತಾರೆ!’ ಅನ್ನುತ್ತದೆ. ನಾನು ಈ ಆಟವನ್ನು ಎಷ್ಟೋ ಮಕ್ಕಳ ಜೊತೆ ಆಡಿದ್ದೇನೆ. ಆ ನಗು ನೋಡಿದಾಗೆಲ್ಲ ನನಗೆ ಖುಷಿಯಾಗುತ್ತದೆ. ಇನ್ನೊಬ್ಬರ ತಲೆಯೊಳಗೆ ಬೇರೆಯದೇ ಏನೋ ಇರಬಹುದು ಅಂತ ಆ ಮಗುವಿಗೆ ಹೊಳೆದಿರುತ್ತದೆ.

ಅದು ಹೊಳೆದ ಮೇಲೆಯೇ ನಂಬುವ ಹಾಗೆ ಸುಳ್ಳು ಹೇಳುವುದು ಕೈಗೂಡುವುದು. ‘ಅಮ್ಮ ನೋಡಿಲ್ಲ, ಆದ್ದರಿಂದ ಅಮ್ಮನಿಗೆ ಗೊತ್ತಿಲ್ಲ’ ಅಂತ ತಿಳಿಯದೆ ಅಂಥ ಸುಳ್ಳು ಹೇಳಲು ಆಗುವುದಿಲ್ಲ. ನಿಮ್ಮ ಮಗನ ಬುದ್ಧಿ ಕೆಟ್ಟಿಲ್ಲ, ಬೆಳೆದಿದೆ. ಹಾಗಂತ ಸುಳ್ಳನ್ನು ಮೆಚ್ಚಬೇಕಿಲ್ಲ. ‘ಲೋಟ ಒಡೆದದ್ದು ಯಾರು?’ ಅಂತ ಗೊತ್ತಿದ್ದೂ ಕೇಳಿ ಸಿಕ್ಕಿಹಾಕಿಸಬೇಡಿ. ‘ಲೋಟ ಒಡೆದಿದೆ, ಬಾ, ಇಬ್ಬರೂ ಗುಡಿಸೋಣ’ ಅನ್ನಿ. ಹೊಡೆತ ಬೀಳುತ್ತದೆ ಅಂತ ಗೊತ್ತಾದ ಮಗು ಸುಳ್ಳನ್ನು ಇನ್ನೂ ಚೆನ್ನಾಗಿ ಕಲಿಯುತ್ತದೆ. ಹಟಕ್ಕೂ ಹೀಗೇ. ‘ಸ್ನಾನ ಮಾಡ್ತೀಯಾ?’ ಅಂತ ಕೇಳಿದರೆ ‘ಇಲ್ಲ’ ಅನ್ನುವ ಸುಖ ಅವನಿಗೆ. ‘ನೀಲಿ ಮಗ್ಗಾ, ಕೆಂಪು ಮಗ್ಗಾ?’ ಅಂತ ಕೇಳಿ. ಅವನಿಗೆ ಬೇಕಾಗಿರುವುದು ತಾನೇ ಆರಿಸಿದೆ ಅನ್ನುವುದು.

ಈಗ ನೀವು ಒಂದೇ ಸಾಲಿನಲ್ಲಿ ದಾಟಿಹೋದ ವಿಷಯ. ಅತ್ತೆ ತೀರಿಕೊಂಡದ್ದು ಹೋದ ವರ್ಷ. ಆಗ ಮಗನಿಗೆ ಮೂರು. ದಿನವಿಡೀ ಅವನನ್ನು ಎತ್ತಿಕೊಂಡು, ಉಣ್ಣಿಸಿ, ಮಲಗಿಸುತ್ತಿದ್ದವರು ಒಂದು ದಿನ ಇಲ್ಲವಾದರು. ಅವನ ಮಟ್ಟಿಗೆ ಹೋದದ್ದು ಒಬ್ಬ ತಾಯಿಯೇ. ಐದು ವರ್ಷದ ಒಳಗಿನ ಮಕ್ಕಳಿಗೆ ಸಾವು ಅಂದರೆ ಮತ್ತೆ ಬಾರದಿರುವುದು ಅಂತ ಸಾಮಾನ್ಯವಾಗಿ ಅರ್ಥವಾಗಿರುವುದಿಲ್ಲ. ಅದು ತಿಳಿಯುವುದು ಐದರಿಂದ ಏಳರ ನಡುವೆ. ಹಾಗಾಗಿ ಅವನು ಇನ್ನೂ ಕಾಯುತ್ತಿರಬಹುದು. ‘ಅಜ್ಜಿ ಮಲಗಿದ್ದಾರೆ’, ‘ಅಜ್ಜಿ ಊರಿಗೆ ಹೋಗಿದ್ದಾರೆ’ ಅಂತ ಮನೆಯಲ್ಲಿ ಯಾರಾದರೂ ಹೇಳಿದ್ದರೆ, ಆ ಮಾತನ್ನು ಮೆಲ್ಲಗೆ ತಿದ್ದಿ. ಅಂಥ ಮಾತು ಕೇಳಿ ಮಲಗುವುದಕ್ಕೇ ಹೆದರುವ, ಅಪ್ಪ ಅಮ್ಮ ಊರಿಗೆ ಹೊರಟರೆ ರಂಪ ಮಾಡುವ ಮಕ್ಕಳನ್ನು ನಾನು ನೋಡಿದ್ದೇನೆ. ‘ಅಜ್ಜಿಯ ಮೈ ತುಂಬಾ ಕೆಟ್ಟಿತ್ತು, ಕೆಲಸ ಮಾಡುವುದನ್ನು ನಿಲ್ಲಿಸಿತು, ಅಜ್ಜಿ ಸತ್ತುಹೋದರು, ಮತ್ತೆ ಬರುವುದಿಲ್ಲ. ನನಗೂ ಅಜ್ಜಿ ನೆನಪಾಗುತ್ತಾರೆ’ ಅಂತ ನೇರವಾಗಿ ಹೇಳಿ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಹತ್ತು ಸಲ ಕೇಳುತ್ತಾನೆ. ಹತ್ತು ಸಲವೂ ಅದನ್ನೇ ಹೇಳಿ. ಅವನ ಹಟದಲ್ಲಿ ಎಷ್ಟು ಪಾಲು ವಯಸ್ಸಿನದು, ಎಷ್ಟು ಪಾಲು ದುಃಖದ್ದು ಅಂತ ಬಿಡಿಸಿ ಹೇಳಲು ಯಾರಿಗೂ ಆಗುವುದಿಲ್ಲ. ಎರಡಕ್ಕೂ ಬೇಕಾಗಿರುವುದು ನಿಮ್ಮ ತೋಳು.

ಮಗಳ ಬಾಗಿಲಿಗೆ ಬರುವ ಮುಂಚೆ ಒಬ್ಬರ ಪರಿಚಯ ಮಾಡಿಕೊಡುತ್ತೇನೆ. ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ ಹುಟ್ಟಿದ್ದು 1902ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ. ತನ್ನ ಹೆತ್ತ ತಂದೆ ಯಾರು ಅಂತ ಅವರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಸಾಕಿದವರು ಯಹೂದಿ ವೈದ್ಯರು. ಹುಡುಗನ ಕೂದಲು ಬಂಗಾರದ ಬಣ್ಣ, ಕಣ್ಣು ನೀಲಿ. ಶಾಲೆಯಲ್ಲಿ ‘ಯಹೂದಿ’ ಅಂತ ಅಣಕಿಸಿದರು, ಯಹೂದಿಗಳ ಮಂದಿರದಲ್ಲಿ ‘ಹೊರಗಿನವನು’ ಅಂತ ಅಣಕಿಸಿದರು. ಓದು ಮುಗಿದ ಮೇಲೆ ಚಿತ್ರ ಬರೆಯುತ್ತಾ ವರ್ಷಗಟ್ಟಲೆ ಊರೂರು ಅಲೆದರು. ‘ನಾನು ಯಾರು?’ ಅನ್ನುವುದು ಹದಿಹರೆಯದ ದೊಡ್ಡ ಕೆಲಸ ಅಂತ ಆಮೇಲೆ ಜಗತ್ತಿಗೆ ಹೇಳಿಕೊಟ್ಟವರು ಇವರೇ. ಹುಟ್ಟಿನಿಂದ ಮುಪ್ಪಿನವರೆಗೆ ಮನಸ್ಸಿಗೆ ಎಂಟು ಘಟ್ಟಗಳಿವೆ, ಬೆಳವಣಿಗೆ ಬಾಲ್ಯದಲ್ಲಿ ನಿಲ್ಲುವುದಿಲ್ಲ ಅಂತ 1950ರಲ್ಲಿ ಬರೆದರು. ಎಂಟನ್ನೂ ನೀವು ಬಾಯಿಪಾಠ ಮಾಡಬೇಕಿಲ್ಲ. ನನಗೆ ಅದರಲ್ಲಿ ಇಷ್ಟವಾದ ಮಾತು ಬೇರೆ. ಒಂದು ತಲೆಮಾರಿನ ಕೆಲಸ ಇನ್ನೊಂದು ತಲೆಮಾರಿನ ಕೆಲಸಕ್ಕೆ ಹಲ್ಲುಚಕ್ರಗಳಂತೆ ಸೇರಿಕೊಂಡಿರುತ್ತದೆ ಅಂತ ಅವರು ಹೇಳಿದರು. ಒಂದು ತಿರುಗಿದರೆ ಇನ್ನೊಂದೂ ತಿರುಗುತ್ತದೆ. ನಿಮ್ಮ ಮನೆಯಲ್ಲಿ ಆಗುತ್ತಿರುವುದೂ ಅದೇ.

ಹದಿನಾಲ್ಕರ ಹುಡುಗಿಗೆ ಬಾಗಿಲು ಬೇಕು. ಬಾಗಿಲ ಹಿಂದೆ ಅವಳು ಕನ್ನಡಿ ನೋಡುತ್ತಾಳೆ, ಗೆಳತಿಯರ ಮೆಸೇಜು ಓದುತ್ತಾಳೆ, ಮಾತು ಅಭ್ಯಾಸ ಮಾಡುತ್ತಾಳೆ. ಈ ವಯಸ್ಸಿನಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆ ಅನ್ನಿಸುತ್ತದೆ. ಮುಖದ ಮೇಲಿನ ಒಂದು ಮೊಡವೆ ಇಡೀ ಕ್ಲಾಸಿಗೆ ಕಾಣುತ್ತಿದೆ ಅನ್ನಿಸುತ್ತದೆ. ನಮಗೆ ಅದು ಅತಿ ಅನ್ನಿಸಿದರೂ ಅವಳಿಗೆ ಅದು ನಿಜ. ರಾತ್ರಿ ತಡವಾಗಿ ಮಲಗುವುದರಲ್ಲೂ ಸೋಮಾರಿತನದ ಪಾಲು ಕಡಿಮೆ. ನಿದ್ದೆ ತರಿಸುವ ಮೆಲಟೋನಿನ್ ಈ ವಯಸ್ಸಿನಲ್ಲಿ ಮೊದಲಿಗಿಂತ ತಡವಾಗಿ ಏರುತ್ತದೆ. ಶಾಲೆಯ ಗಂಟೆ ಮಾತ್ರ ಹಳೇ ಹೊತ್ತಿಗೇ ಹೊಡೆಯುತ್ತದೆ.

ಗೆಳೆಯರ ಎಳೆತ ಎಷ್ಟು ಅನ್ನುವುದಕ್ಕೆ ಒಂದು ಪ್ರಯೋಗ ಇದೆ. ಕಾರು ಓಡಿಸುವ ಕಂಪ್ಯೂಟರ್ ಆಟ ಕೊಟ್ಟರು. 13ರಿಂದ 16 ವರ್ಷದವರು ಒಬ್ಬರೇ ಆಡಿದಾಗ ದೊಡ್ಡವರಂತೆಯೇ ಎಚ್ಚರದಿಂದ ಆಡಿದರು. ಪಕ್ಕದಲ್ಲಿ ಗೆಳೆಯರು ನಿಂತರೆ ಅವರು ಮೈಮೇಲೆ ಎಳೆದುಕೊಳ್ಳುವ ಅಪಾಯ ಹೆಚ್ಚುಕಡಿಮೆ ಎರಡರಷ್ಟಾಯಿತು. 24 ದಾಟಿದವರಲ್ಲಿ ಏನೂ ವ್ಯತ್ಯಾಸ ಆಗಲಿಲ್ಲ. 2005ರಲ್ಲಿ ಬಂದ ಅಧ್ಯಯನ ಇದು. ಮಿದುಳಿನ ಮುಂಭಾಗ, ಅಂದರೆ ಬ್ರೇಕು, ಪೂರ್ತಿ ಬಲಿಯುವುದು ಇಪ್ಪತ್ತೈದರ ಆಸುಪಾಸಿಗೆ. ಆಕ್ಸಿಲರೇಟರ್ ಮಾತ್ರ ಹದಿಮೂರಕ್ಕೇ ಸಿದ್ಧವಾಗಿರುತ್ತದೆ. ಅದಕ್ಕೇ ಅವಳ ಗೆಳತಿಯರನ್ನು ಮನೆಗೆ ಕರೆಯಿರಿ, ಅವರ ಹೆಸರು ನೆನಪಿಟ್ಟುಕೊಳ್ಳಿ.

ಬಾಗಿಲು ತಟ್ಟಿ ಒಳಗೆ ಹೋಗಿ. ಎದುರು ಕೂರಿಸಿಕೊಂಡು ‘ಏನಾಗಿದೆ ನಿನಗೆ?’ ಅಂತ ಕೇಳಿದರೆ ಬಾಯಿ ಬಿಡುವುದಿಲ್ಲ. ಸ್ಕೂಟರಿನಲ್ಲಿ ಹಿಂದೆ ಕೂತಾಗ, ಇಬ್ಬರೂ ಅವರೆಕಾಳು ಸುಲಿಯುವಾಗ, ಮುಖ ನೋಡದೆ ಮಾತಾಡುವ ಹೊತ್ತಿನಲ್ಲಿ ತಾನಾಗಿ ಹೇಳುತ್ತಾಳೆ. ಒಂದು ಎಚ್ಚರ ಮಾತ್ರ ಇರಲಿ. ನಿಮ್ಮಿಂದ ದೂರ ಆದರೂ ಗೆಳತಿಯರ ಜೊತೆ ಚೆನ್ನಾಗಿದ್ದರೆ ಭಯ ಬೇಡ. ಅವರನ್ನೂ ಬಿಟ್ಟಿದ್ದರೆ, ಊಟ ಬಿಟ್ಟಿದ್ದರೆ, ಕೈ ಮೇಲೆ ಗಾಯದ ಗುರುತು ಕಂಡರೆ, ಸಾಯುವ ಮಾತು ಬಂದರೆ ತಡ ಮಾಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಈಗ ನೀವು. ಪತ್ರದಲ್ಲಿ ನಿಮ್ಮ ಬಗ್ಗೆ ಬರೆದದ್ದು ಒಂದು ಸಾಲು, ಅದೂ ಕೊನೆಯಲ್ಲಿ. ನಲವತ್ತರ ಹೊತ್ತಿಗೆ ಎಲ್ಲರಿಗೂ ಮನಸ್ಸು ಬಿರುಕು ಬಿಡುತ್ತದೆ ಅನ್ನುವ ಮಾತು 1965ರಿಂದ ಚಾಲ್ತಿಗೆ ಬಂತು. ಆಮೇಲೆ ನಡೆದ ದೊಡ್ಡ ಸಮೀಕ್ಷೆಗಳಲ್ಲಿ ಅದು ಎಲ್ಲರಿಗೂ ಆಗುವಂಥದ್ದು ಅಂತ ಕಾಣಲಿಲ್ಲ. ಈ ವಯಸ್ಸಿನ ಕೆಲಸ ಮುಂದಿನವರನ್ನು ಬೆಳೆಸುವುದು ಅಂತ ಎರಿಕ್ಸನ್ ಅಂದರು. ಮಕ್ಕಳು ಮಾತ್ರ ಅಲ್ಲ, ಕಲಿಸುವುದು, ಕಟ್ಟುವುದು, ಕಾಪಾಡುವುದು ಎಲ್ಲ ಅದರಲ್ಲೇ ಬಂತು. 1962ರಲ್ಲಿ ಅವರು ಅಹಮದಾಬಾದಿಗೆ ಬಂದಿದ್ದರು. ಅಲ್ಲಿ 1918ರಲ್ಲಿ ಗಾಂಧೀಜಿ ಮುನ್ನಡೆಸಿದ ಗಿರಣಿ ಕಾರ್ಮಿಕರ ಮುಷ್ಕರದ ಕಥೆ ಅವರನ್ನು ಹಿಡಿದುಕೊಂಡಿತು. ಆಗ ಗಾಂಧೀಜಿಗೆ 48. ಆ ನಡುವಯಸ್ಸಿನ ಮನುಷ್ಯ ತನ್ನ ಮನೆಯವರನ್ನು ಮೀರಿ ಒಂದು ದೇಶವನ್ನೇ ಹೇಗೆ ಹೊತ್ತುಕೊಂಡರು ಅನ್ನುವುದನ್ನು ಎರಿಕ್ಸನ್ ವರ್ಷಗಟ್ಟಲೆ ಕೂತು ಬರೆದರು.

ಆದರೆ ಹೊತ್ತುಕೊಳ್ಳುವವರನ್ನು ಯಾರು ನೋಡಿಕೊಳ್ಳುತ್ತಾರೆ? ಮಗನನ್ನು ನಂಬಿ ಒಪ್ಪಿಸಿದ್ದ ಆಸರೆ ನಿಮಗೂ ಹೋಯಿತು. ಅತ್ತೆಗಾಗಿ ನೀವು ಸರಿಯಾಗಿ ಅತ್ತಿರೋ ಇಲ್ಲವೋ. ತಿಥಿ ಮುಗಿದ ಮಾರನೇ ದಿನದಿಂದಲೇ ಮಗನಿಗೆ ಏನು ವ್ಯವಸ್ಥೆ, ಮಾವನಿಗೆ ಏನು ಊಟ ಅಂತ ಓಡಿರುತ್ತೀರಿ. ಸುಮ್ನೆ ಸುಮ್ನೆ ಬರುವ ಅಳು ಸುಮ್ನೆ ಬರುತ್ತಿಲ್ಲ. ಅದರ ಜೊತೆಗೆ, ಈ ವಯಸ್ಸಿನಲ್ಲಿ ಥೈರಾಯ್ಡ್, ರಕ್ತ ಕಡಿಮೆ ಇರುವುದು, ಮುಟ್ಟು ನಿಲ್ಲುವ ಮುಂಚಿನ ಹಾರ್ಮೋನ್ ಏರುಪೇರು ಇವೂ ಅಳು ತರಿಸುತ್ತವೆ. ಒಮ್ಮೆ ಪರೀಕ್ಷೆ ಮಾಡಿಸಿ. ಎರಡು ವಾರಕ್ಕಿಂತ ಹೆಚ್ಚು ದಿನ ನಿದ್ದೆ, ಹಸಿವು, ಆಸಕ್ತಿ ಹೋಗಿದ್ದರೆ ಮನೋವೈದ್ಯರನ್ನು ನೋಡಿ. ಗಂಡನ ಮಾತು ನಿಮ್ಮ ಪತ್ರದಲ್ಲಿ ಎಲ್ಲೂ ಬಂದಿಲ್ಲ. ಅವರೂ ಅಮ್ಮನನ್ನು ಕಳೆದುಕೊಂಡವರು. ಇಬ್ಬರೂ ಕೂತು ಈ ಪತ್ರವನ್ನು ಒಟ್ಟಿಗೆ ಓದಿದರೆ ನನಗೆ ಸಂತೋಷ. 1938ರಲ್ಲಿ ಶುರುವಾಗಿ ಇಂದಿಗೂ ನಡೆಯುತ್ತಿರುವ ಹಾರ್ವರ್ಡ್‌ನ ಅಧ್ಯಯನದಲ್ಲಿ, 80ರಲ್ಲಿ ಯಾರು ಗಟ್ಟಿಯಾಗಿರುತ್ತಾರೆ ಅನ್ನುವುದನ್ನು 50ರ ಹೊತ್ತಿನ ಕೊಲೆಸ್ಟ್ರಾಲ್‌ಗಿಂತ, ಆಗ ಅವರಿಗೆ ತಮ್ಮ ಸಂಬಂಧಗಳಲ್ಲಿ ಇದ್ದ ನೆಮ್ಮದಿ ಚೆನ್ನಾಗಿ ಹೇಳಿತು.

ಇನ್ನು ಮಾವ. ‘ಅರಳುಮರಳು’ ಅನ್ನುವ ಪದವನ್ನು ನಾನು ಕೇಳಿದಾಗೆಲ್ಲ ಸಂಕಟ ಆಗುತ್ತದೆ. ಆ ಒಂದು ಪದದ ಕೆಳಗೆ ಎಷ್ಟೋ ಹಿರಿಯರ ವಾಸಿಯಾಗುವ ಕಾಯಿಲೆ ಮುಚ್ಚಿಹೋಗಿದೆ. ವಯಸ್ಸಾದರೆ ಮಿದುಳಿನ ವೇಗ ಕಡಿಮೆಯಾಗುತ್ತದೆ, ನಿಜ. ಹೊಸ ಫೋನು ಕಲಿಯಲು ಹೊತ್ತು ಬೇಕು. ಆದರೆ ಬದುಕಿ ಕೂಡಿಟ್ಟ ತಿಳುವಳಿಕೆ ಅಷ್ಟು ಬೇಗ ಕರಗುವುದಿಲ್ಲ. ನಿಮ್ಮ ಮಾವನ ಕೈಗೆ ಅಟ್ಟದಿಂದ ಇಳಿಸಿದ ಒಂದು ಕಾಯಿ ಕೊಡಿ. ಕಿವಿ ಹತ್ತಿರ ಅಲ್ಲಾಡಿಸಿ, ಒಳಗೆ ಉಂಡೆ ಕೊಬ್ಬರಿ ಕಟ್ಟಿದೆಯೋ ಇಲ್ಲವೋ ಹೇಳುತ್ತಾರೆ. ನಿಮಗೂ ನನಗೂ ಅದು ಬರುವುದಿಲ್ಲ.

ಒಂದು ವಿಷಯ ಮಾತ್ರ ಗಮನಿಸಿ. ಬಾವಿಯ ಕಥೆ ಹೇಳುವಾಗ, ನಿನ್ನೆಯೂ ಹೇಳಿದ್ದೆ ಅನ್ನುವುದು ಅವರಿಗೆ ಗೊತ್ತಿದೆಯಾ? ‘ಹೇಳಿದ್ನಲ್ಲಮ್ಮ’ ಅಂತ ಮತ್ತೆ ಶುರು ಮಾಡುತ್ತಾರಾ? ಅಥವಾ ಬೆಳಿಗ್ಗೆ ಹೇಳಿದ್ದು ಸಂಜೆಗೆ ಪೂರ್ತಿ ಅಳಿಸಿಹೋಗಿದೆಯಾ? ಅಳಿಸಿಹೋಗಿದ್ದರೆ, ತಿಂಡಿ ತಿಂದದ್ದು ಮರೆತರೆ, ಪರಿಚಯದ ದಾರಿ ತಪ್ಪಿದರೆ ವೈದ್ಯರಿಗೆ ತೋರಿಸಿ. ಬಿ12 ಕೊರತೆ, ಥೈರಾಯ್ಡ್, ಕಿವಿ ಮಂದವಾಗಿರುವುದು, ಖಿನ್ನತೆ, ಇವೆಲ್ಲ ಮರೆವಿನ ವೇಷದಲ್ಲಿ ಬರುತ್ತವೆ, ಇವಕ್ಕೆಲ್ಲ ಮದ್ದಿದೆ. ಒಂದೆರಡು ದಿನದಲ್ಲೇ ದಿಢೀರನೆ ಗೊಂದಲ ಶುರುವಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ‘ನನಗ್ಯಾಕಮ್ಮ ಇನ್ನು ಇದೆಲ್ಲ’ ಅಂತ ಮೇಲಿಂದ ಮೇಲೆ ಅಂದರೆ ಅದನ್ನು ವೈರಾಗ್ಯ ಅಂದುಕೊಳ್ಳಬೇಡಿ, ಖಿನ್ನತೆಯೂ ಇರಬಹುದು.

ಇದ್ಯಾವುದೂ ಇಲ್ಲದೆ, ಗೊತ್ತಿದ್ದೂ ಮತ್ತೆ ಮತ್ತೆ ಹೇಳುತ್ತಿದ್ದರೆ, ಅದು ಅವರ ವಯಸ್ಸಿನ ಕೆಲಸ. ಅಮೆರಿಕದ ವೈದ್ಯ ರಾಬರ್ಟ್ ಬಟ್ಲರ್ 1963ರಲ್ಲೇ ಇದನ್ನು ಹೇಳಿದರು. ಆಗೆಲ್ಲ ಮುದುಕರು ಹಳೆಯದನ್ನು ಮಾತಾಡಿದರೆ ಬುದ್ಧಿ ಕ್ಷೀಣಿಸಿದೆ ಅಂತಲೇ ತಿಳಿಯುತ್ತಿದ್ದರು. ಅವರು ಬದುಕನ್ನು ತಿರುಗಿ ನೋಡಿ, ಲೆಕ್ಕ ಹೊಂದಿಸಿಕೊಳ್ಳುತ್ತಿದ್ದಾರೆ ಅಂದರು ಬಟ್ಲರ್.

ಗುರುತು ಸಿಗದ ಹಾಗೆ ಬದಲಿಸಿ ಒಬ್ಬರ ಬಗ್ಗೆ ಹೇಳುತ್ತೇನೆ. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ಮನೆಯಲ್ಲಿ ಯಾವಾಗಲೂ ಒಂದು ಘಾಟಿ ರಸ್ತೆಯ ರಾತ್ರಿ ಟ್ರಿಪ್ಪಿನ ಕಥೆ. ಮಕ್ಕಳಿಗೆ ಸಾಕಾಗಿಹೋಗಿತ್ತು. ನನ್ನ ಹತ್ತಿರ ಮೂರು ಸಲ ಬಂದಾಗಲೂ ಮಾತೇ ಆಡಲಿಲ್ಲ. ನಾಲ್ಕನೇ ಸಲ, ತುಂಬಿದ ಬಸ್ಸಿನಲ್ಲಿ ಚಿಲ್ಲರೆ ಹೇಗೆ ಕೊಡುತ್ತಿದ್ದಿರಿ ಅಂತ ಕೇಳಿದೆ. ಜೇಬಿನಿಂದ ನೋಟು ತೆಗೆದು, ಉದ್ದಕ್ಕೆ ಮಡಚಿ, ಬೆರಳ ಸಂದಿಗೆ ಒಂದೊಂದು ಸಿಕ್ಕಿಸಿ ತೋರಿಸಿದರು. ಹತ್ತು ಇಲ್ಲಿ, ಇಪ್ಪತ್ತು ಇಲ್ಲಿ, ಐವತ್ತು ಇಲ್ಲಿ. ಕೈ ನಡುಗುತ್ತಿತ್ತು, ಆದರೆ ನೋಟು ಜಾರಲಿಲ್ಲ. ಹಾಗೇ ಘಾಟಿಯ ಕಥೆ ಶುರುವಾಯಿತು. ‘ಆ ರಾತ್ರಿ ಬಸ್ಸಿನಲ್ಲಿ ಯಾರ್ಯಾರಿದ್ರು ಸಾರ್?’ ಅಂದೆ. ತುಂಬಾ ಹೊತ್ತು ಸುಮ್ಮನಿದ್ದರು. ಟಿಕೆಟ್ಟಿಗೆ ದುಡ್ಡಿಲ್ಲದ ಒಬ್ಬ ಹೆಂಗಸನ್ನು, ಕಂಕುಳಲ್ಲಿ ಮಗು ಇದ್ದವಳನ್ನು, ಮಳೆಯಲ್ಲಿ ಇಳಿಸಿಬಿಟ್ಟಿದ್ದರು. ಮೂವತ್ತು ವರ್ಷ ಕಥೆ ಹೇಳಿದ್ದರು, ಆ ಹೆಂಗಸನ್ನು ಬಿಟ್ಟು. ಅವತ್ತು ಅತ್ತರು. ಆಮೇಲೂ ಆ ಕಥೆ ಹೇಳುತ್ತಾರಂತೆ, ಆದರೆ ಅವಳನ್ನೂ ಸೇರಿಸಿ ಹೇಳುತ್ತಾರೆ, ಮೊದಲಿನ ಹಾಗೆ ದಿನಾ ಹೇಳುವುದಿಲ್ಲ.

ಎರಿಕ್ಸನ್ 1994ರಲ್ಲಿ ತೀರಿಕೊಂಡರು. ಅವರ ಹೆಂಡತಿ ಜೋನ್ ಆ ಎಂಟು ಘಟ್ಟಗಳಿಗೆ ಒಂಬತ್ತನೆಯದನ್ನು ಸೇರಿಸಿದರು. ಆಗ ಅವರಿಗೆ ತೊಂಬತ್ತು ದಾಟಿತ್ತು. ಮೈ ಕೈಕೊಡುವ ವಯಸ್ಸಿನಲ್ಲಿ ಚಿಕ್ಕಂದಿನ ಪಾಠಗಳೆಲ್ಲ ಮತ್ತೆ ಎದುರಾಗುತ್ತವೆ, ನಂಬಿಕೆಯನ್ನೂ ಮೊದಲಿಂದ ಕಲಿಯಬೇಕಾಗುತ್ತದೆ ಅಂತ ಅನುಭವಿಸಿ ಬರೆದರು. ನಿಮ್ಮ ಮಾವ ತೋಟ, ಜಗಲಿ, ಹೆಂಡತಿ ಮೂರನ್ನೂ ಒಂದೇ ವರ್ಷದಲ್ಲಿ ಬಿಟ್ಟು ಬಂದವರು. ಅವರಿಗೆ ಇಲ್ಲಿ ಒಂದು ಕೆಲಸ ಬೇಕು, ನಿಜವಾದ ಕೆಲಸ. ಬಾಲ್ಕನಿಯ ಕುಂಡಗಳು ಪೂರ್ತಿ ಅವರದಾಗಲಿ, ಎಷ್ಟು ನೀರು ಅಂತ ನೀವು ಹೇಳಬೇಡಿ. ಮೊಮ್ಮಗನನ್ನು ಸಂಜೆ ಪಾರ್ಕಿಗೆ ಕರೆದೊಯ್ಯುವುದು ಅವರದಾಗಲಿ. ಅಜ್ಜಿ ಇಲ್ಲದ ಆ ಇಬ್ಬರಿಗೂ ಅದು ಬೇಕು. ಮಗಳಿಗೆ ಫೋನಿನಲ್ಲಿ ತಾತನ ಕಥೆ ರೆಕಾರ್ಡ್ ಮಾಡಲು ಹೇಳಿ. ಬಲವಂತ ಬೇಡ, ಒಂದು ಸಲ ಹೇಳಿ ನೋಡಿ. ತಾನು ಯಾರು ಅಂತ ಹುಡುಕುತ್ತಿರುವ ಹುಡುಗಿಗೆ, ತನ್ನ ಮನೆಯವರು ಯಾರು ಅನ್ನುವುದೂ ಆ ಹುಡುಕಾಟದ ಒಂದು ಪಾಲು.

ಮತ್ತೆ ಆ ಬಾವಿ. ಹೆಂಡತಿಯ ಕೊನೆಯ ಮೂರು ವರ್ಷ ಅವರು ಅಲ್ಲಿ, ಆಕೆ ಇಲ್ಲಿ. ಬಾವಿಯ ಕಥೆಯಲ್ಲಿ ಯಾರಿದ್ದಾರೆ, ಯಾರನ್ನು ಬಿಟ್ಟು ಹೇಳುತ್ತಿದ್ದಾರೆ ಅಂತ ನನಗೆ ಗೊತ್ತಿಲ್ಲ. ನಾಳೆ ಅವರು ಕಥೆ ಶುರು ಮಾಡಿದಾಗ ಕೈಯಲ್ಲಿರುವ ಕೆಲಸ ಬಿಟ್ಟು ಹತ್ತು ನಿಮಿಷ ಪಕ್ಕದಲ್ಲಿ ಕೂತುಕೊಳ್ಳಿ. ಎಷ್ಟು ಅಡಿಗೆ ನೀರು ಬಂತು ಅಂತ ಕೇಳಿ. ನೀರು ಬಂದಾಗ ಅತ್ತೆ ಎಲ್ಲಿದ್ದರು, ಏನು ಅಂದರು ಅಂತ ಕೇಳಿ.